ಗಾಳಿಯಿಲ್ಲದ ಮಧ್ಯಾಹ್ನ

ಬಿದ್ದದ್ದು ಬಿರುಗಾಳಿಗಲ್ಲ.
ಮಾಲೂರಿನ ಮೇ ತಿಂಗಳು, ಎರಡೂಕಾಲು ಗಂಟೆ,
ಹಗ್ಗದ ಮೇಲಿನ ಲಂಗ ಕೂಡ ಮಿಸುಕದ ಹೊತ್ತು.
ಹಾಲು ಉಕ್ಕೀತೆಂದು ಎದ್ದು ಒಳಗೆ ಹೋಗಿದ್ದೆ, ಅಷ್ಟೆ.
ಬೆನ್ನ ಹಿಂದೆ ಒಂದು ಸದ್ದು,
ಯಾರೋ ಲಾರಿಯಿಂದ ಮೂಟೆ ಕೆಡವಿದ ಹಾಗೆ.

ತಿರುಗಿದರೆ ಮಂಚದ ಮೇಲೆ ಆಕಾಶ.
ಆನೆಯ ಕಾಲಿನಷ್ಟು ದಪ್ಪ ಕೊಂಬೆ
ನನ್ನ ದಿಂಬಿನ ಮೇಲೆ ಮಲಗಿತ್ತು,
ಮನೆ ತುಂಬ ನೆಗಡಿ ಔಷಧದ ವಾಸನೆ.
ಹೊಲಿಗೆ ಮೆಷಿನ್ನಿನ ಮೇಲೆ ಹೆಂಚಿನ ಚೂರು.
ಗೋಡೆಯಾಚೆಯಿಂದ ಪ್ಯಾರಿಜಾನ್ ಕೂಗಿದಳು,
"ಇದ್ದೀಯೇನೇ ಗಂಗುಲಮ್ಮ?"
ಇದ್ದೀನಿ ಅನ್ನಲು ಬಾಯಿ ಬರಲಿಲ್ಲ.
ಸೀದ ಹಾಲೇ ಹೋಗಿ ಹೇಳಿತು ಅವಳಿಗೆ.

ತೋಪು ಕಡಿದು ಸೈಟು ಮಾಡಿದವನು
ಗಡಿಗುರುತಿಗೆ ಇದೊಂದು ನೀಲಗಿರಿ ಬಿಟ್ಟನಂತೆ.
ಅರ್ಧ ನೆರಳು ಅವಳದು, ಅರ್ಧ ನನ್ನದು.
ನೆರಳೆಂದರೂ ಎಂಥದು?
ಕುಡುಗೋಲಿನಂಥ ಎಲೆ, ಬಿಸಿಲಿಗೆ ಅಂಚು ತೋರಿಸುತ್ತದೆ,
ಮುಖ ಕೊಡುವುದಿಲ್ಲ.
ಬುಡದಲ್ಲಿ ದಾಸವಾಳ ನೆಟ್ಟೆ, ಮೂರು ಸಲ.
ಮೂರು ಸಲವೂ ಕಡ್ಡಿ.
ಬೇರು ಒತ್ತಿ ಕಾಂಪೌಂಡು ಬಿರುಕು ಬಿಟ್ಟಿತು;
ಈಗ ಆ ಬಿರುಕಿನಲ್ಲೇ ನಮ್ಮ ಕೊಡುಕೊಳ್ಳುವಿಕೆ,
ಕರಿಬೇವು ಆಚೆಗೆ, ಸಕ್ಕರೆ ಈಚೆಗೆ.

ಆದರೆ ಅದು ತೊಗಟೆ ಬಿಡುವಾಗ ಬಂದು ನೋಡಬೇಕು ನೀವು.
ಉದ್ದುದ್ದ ಸುಲಿದು ಬೀಳುತ್ತದೆ,
ಎಳೆ ಹಿಡಿದು ಬಟ್ಟೆ ಹರಿದ ಹಾಗೆ, ನೇರ.
ಒಳಗೆ ಬೂದಿ, ಹಾಲು, ಸುಳಿ ಬಾಳೆಯೆಲೆಯ ಹಸಿರು,
ಎಲ್ಲೋ ಒಂಚೂರು ತಾಮ್ರ.
ಮಳೆ ಬಿದ್ದರೆ ಮೈಗೆ ಎಣ್ಣೆ ಹಚ್ಚಿ ನಿಲ್ಲಿಸಿದಂತೆ.
ಮೂವತ್ತು ವರ್ಷ ಬ್ಲೌಸು ಹೊಲಿದಿದ್ದೇನೆ,
ಆ ಬಣ್ಣಕ್ಕೆ ಹೊಂದುವ ದಾರ
ಬಜಾರಿನಲ್ಲಿ ಒಂದು ಸಲವೂ ಸಿಕ್ಕಿಲ್ಲ.
ಹೂವಾಗುವ ಮುಂಚೆ ಮೊಗ್ಗು ಟೋಪಿ ಉದುರಿಸುತ್ತದೆ;
ಪ್ಯಾರಿಜಾನಳ ಮೊಮ್ಮಗ ಬೆಂಕಿಕಡ್ಡಿಗಳಿಗೆ ತೊಡಿಸಿ
ಜಗಲಿ ಮೇಲೆ ಪೊಲೀಸ್ ಪರೇಡ್ ಮಾಡಿಸುತ್ತಾನೆ.
ಅದರ ಸದ್ದು ಸಮುದ್ರದ್ದು ಅನ್ನುತ್ತಾರೆ ಕಂಡವರು.
ನಾನು ಕಂಡಿಲ್ಲ. ನನಗದು
ತುಂಬಾ ಮೇಲೆ ಯಾರೋ ರಾಗಿ ಕೇರುವ ಸದ್ದು.

ಮಾರನೆಯ ದಿನ ನಾರೆಪ್ಪ ಬಂದ.
ಕೊಡಲಿಯ ಬೆನ್ನಿನಿಂದ ಕುಟ್ಟಿ, ಕಿವಿಯಿಟ್ಟ.
"ಗಟ್ಟಿ ಇದೆಯಕ್ಕ. ಹುಳ ಇಲ್ಲ, ಟೊಳ್ಳಿಲ್ಲ.
ಗಟ್ಟಿ ಇರೋದೇ ಹೀಗೆ, ಧಗೆಗೆ ತಾನೇ ಕೈ ಬಿಡುತ್ತೆ."
ಕಡಿಯಲು ಹನ್ನೆರಡು ಸಾವಿರ, ಸೌದೆ ಅವನಿಗೆ.
"ಸೌದೆ ಎಲ್ಲಿಗೆ ಹಾಕ್ತೀಯ?"
"ಇನ್ನೆಲ್ಲಿಗೆ, ಹೆಂಚಿನ ಗೂಡಿಗೆ."

ನಮ್ಮಪ್ಪನೂ ಗೂಡಿನ ಕೆಲಸದವನೇ.
ನೀಲಗಿರಿ ದಿಮ್ಮಿ ತಳ್ಳಿ ತಳ್ಳಿ
ಅವನಿಗೆ ಹುಬ್ಬೇ ಇರಲಿಲ್ಲ.
"ಎಣ್ಣೆ ಮರ ಕಣೇ, ಹಸಿಯಾದ್ರೂ ಧಗ್ ಅನ್ನುತ್ತೆ" ಎನ್ನುತ್ತಿದ್ದ.
ಈ ಮನೆಯ ಹೆಂಚು ಅವನು ಕೂಲಿಯ ಬದಲು ತಂದದ್ದು,
ಅಂಚು ಮುರಿದ ಸೆಕೆಂಡ್ಸು, ಗಾಡಿಯಲ್ಲಿ ನಾಲ್ಕು ಸಲ.
ಆ ಮರದ ಬೆಂಕಿಯಲ್ಲಿ ಬೆಂದ ಹೆಂಚನ್ನು
ಈ ಮರ ಬಂದು ಒಡೆದಿದೆ.
ಲೆಕ್ಕ ಚುಕ್ತಾ ಮಾಡಿತೋ,
ನೆಂಟರ ಮನೆಯೆಂದು ನುಗ್ಗಿತೋ,
ಹೇಳಲು ಅಪ್ಪ ಇಲ್ಲ.

ಮನೆ ಮೇಲೆ ಚಾಚಿದ ಎರಡು ಕೊಂಬೆ ಮಾತ್ರ ತೆಗೆಸಿದೆ.
ಪ್ಯಾರಿಜಾನ್ ಮೂರು ದಿನ ಮಾತು ಬಿಟ್ಟಳು;
ಅವಳ ಕಡೆಯದು ಹಾಗೇ ಇದೆ.
ಪೂರ್ತಿ ತೆಗೆಸು ಅನ್ನುತ್ತಾಳೆ,
ಕಾಸಿನ ಮಾತು ಬಂದರೆ ಬಿರುಕಿನಿಂದ ಮುಖ ತೆಗೆಯುತ್ತಾಳೆ.
ನಾನೂ ಜೋರು ಮಾಡುವುದಿಲ್ಲ.

ಹೊಸ ಹೆಂಚು ಕೆಂಪಗೆ, ಹಳೆಯವು ಕಪ್ಪಗೆ,
ತೇಪೆ ಹಾಕಿದ ಸೂರಿನ ಕೆಳಗೆ ಮಂಚ ಬೇರೆ ಗೋಡೆಗೆ ಸರಿಸಿದ್ದೇನೆ.
ಗಾಳಿಯೆದ್ದು ಮರ ಊರೆಲ್ಲ ಕೇಳುವಂತೆ ತೂಗುವ ರಾತ್ರಿ
ಗೊರಕೆ ಹೊಡೆದು ಮಲಗುತ್ತೇನೆ.
ಅದು ನಿಂತಾಗಲೇ ಎಚ್ಚರ.
ಕತ್ತಲಲ್ಲಿ ಎದ್ದು ಕೂತು
ಒಂದೆಲೆಯಾದರೂ ಅಲ್ಲಾಡಲೆಂದು
ಕಿವಿಗೊಡುತ್ತೇನೆ.